ಅಳಿವೆಯ ಕಡೆಗೆ ತಿರುಗಿಸಿದ ಸ್ಪೀಕರ್

ಆಕೆಯ ಕೈಯಲ್ಲಿದ್ದ ಟಾರ್ಚಿನ ಗಾಜಿನೊಳಗೆ ನೀರು ಹೊಕ್ಕಿತ್ತು. ಬೆಳಕು ನೆಲಕ್ಕೆ ಬಿದ್ದಲ್ಲೆಲ್ಲ ನಡುವೆ ಒಂದು ಗುಳ್ಳೆ ಅತ್ತಿತ್ತ ಓಡಾಡುತ್ತಿತ್ತು. ನನ್ನ ಮೇಜಿನ ಮುಂದೆ ಬಂದು ನಿಂತ ಆ ಹೆಂಗಸಿನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಆ ಗುಳ್ಳೆಯನ್ನು.

ಕಳೆದ ವರ್ಷ ದೀಪಾವಳಿಗೆ ಹಿಂದಿನ ಭಾನುವಾರ ಅದು. ನನ್ನ ಮನೆ ಕುಮಟಾದಲ್ಲಿ. ಭಟ್ಕಳದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ವಾರದ ದಿನಗಳಲ್ಲಿ ಅಲ್ಲೇ ರೂಮು. ನಾನು ಡಿಜೆ ಎಂಬುದು ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಕಡೆ ಡಿಜೆ ಎಂದರೆ ಮೆರವಣಿಗೆಯ ಗಾಡಿಯ ಮೇಲೆ ಪೇರಿಸಿದ ಪೆಟ್ಟಿಗೆಗಳು ಎಂದೇ ಅರ್ಥ, ಅದನ್ನು ಬಿಡಿಸಿ ಹೇಳುವ ತಾಳ್ಮೆ ನನಗಿಲ್ಲ.

ಭಟ್ಕಳದ ನನ್ನ ಗೆಳತಿ ಸಬೀಹಾ ಚಿತ್ರ ಬರೆಯುತ್ತಾಳೆ. ಅವಳೂ ಇನ್ನು ಕೆಲವರೂ ಸೇರಿ ವರ್ಷಕ್ಕೆ ಎರಡು ಮೂರು ಸಲ ಒಂದು ಸಂಜೆಯ ಕಾರ್ಯಕ್ರಮ ನಡೆಸುತ್ತಾರೆ. ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ. ಜಾಗ ಎಲ್ಲಿ ಎಂಬುದು ಆ ದಿನವೇ ಫೋನಿನಿಂದ ಫೋನಿಗೆ ಗೊತ್ತಾಗುತ್ತದೆ. ಒಬ್ಬರು ಕವಿತೆ ಓದುತ್ತಾರೆ, ಒಬ್ಬರು ಗೋಡೆಯ ಮೇಲೆ ನೆರಳಿನ ಚಿತ್ರ ಬಿಡುತ್ತಾರೆ, ಸಬೀಹಾ ಎಲ್ಲರ ಎದುರೇ ಬಣ್ಣ ಹಚ್ಚುತ್ತಾಳೆ. ಇವೆಲ್ಲದರ ಅಡಿಯಲ್ಲಿ ಎಲ್ಲೂ ಕಡಿಯದಂತೆ ಸಂಗೀತ ಹರಿಸುವುದು ನನ್ನ ಕೆಲಸ. ಆ ಸಲ ಹೊನ್ನಾವರದ ಅಳಿವೆಯ ಹತ್ತಿರ, ಮುಚ್ಚಿಹೋದ ಒಂದು ಐಸ್ ಫ್ಯಾಕ್ಟರಿಯಲ್ಲಿ ಸೇರಿದ್ದೆವು.

ಮಧ್ಯಾಹ್ನದಿಂದ ಮೋಡ ಕವಿದಿತ್ತು. ನಾವು ಶುರುಮಾಡಿ ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು, ಊರಿನ ಕರೆಂಟು ಹೋಯಿತು. ನಮ್ಮಲ್ಲಿ ಮಾತ್ರ ಬಾಡಿಗೆ ಜನರೇಟರ್ ಇತ್ತು. ಅಲ್ಲಿಂದ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಊರೆಲ್ಲ ಕತ್ತಲೆಯಲ್ಲಿರುವಾಗ ನಮ್ಮ ಸದ್ದು ಎಷ್ಟು ದೂರ ಹೋಗುತ್ತಿರಬಹುದು, ಯಾರು ಬಂದು ಜಗಳ ತೆಗೆಯಬಹುದು ಎಂದು ಹಾಡಿಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದೆ. ಆಗ ಆ ಹೆಂಗಸು ಬಂದಳು.

ಆಕೆ ಬಾಯಿ ತೆರೆಯುವ ಮೊದಲೇ ನಾನು ಸದ್ದು ಇಳಿಸಿದೆ. "ಕಡಿಮೆ ಮಾಡ್ತೇನೆ ಅಕ್ಕ, ಬೇಗ ಮುಗಿಸ್ತೇವೆ" ಎಂದೆ.

"ಕಡ್ಮೆ ಮಾಡೂದು ಎಂತಕ್ಕೆ? ನಿಲ್ಸಬೇಡ ತಂಗಿ. ಆ ಪೆಟ್ಟಿಗೆ ಸಮುದ್ರದ ಬದಿಗೆ ತಿರ್ಗಿಸು."

ಆಕೆಯ ಹೆಸರು ದೇವಕಿ. ಫ್ಯಾಕ್ಟರಿಯ ಹಿಂದಿನ ಗಾಳಿಮರದ ತೋಪಿನ ಆಚೆಗೇ ಮನೆ. ಗಂಡನೂ ತಮ್ಮನೂ ಸಣ್ಣ ದೋಣಿಯಲ್ಲಿ ಮೀನಿಗೆ ಹೋದವರು ಕತ್ತಲಾಗುವ ಮೊದಲೇ ಬರಬೇಕಿತ್ತು. ಎಂಜಿನ್ ಕೆಟ್ಟಿದೆ, ಹುಟ್ಟು ಹಾಕಿಕೊಂಡು ಬರುತ್ತಿದ್ದೇವೆ ಎಂದು ಗಂಡ ಒಮ್ಮೆ ಫೋನ್ ಮಾಡಿದ್ದನಂತೆ, ಆಮೇಲೆ ಫೋನ್ ಸತ್ತಿತ್ತು. ಹುಡುಕಲು ಹೋದ ದೋಣಿಯವರಿಗೂ ಮಳೆಯಲ್ಲಿ ಏನೂ ಕಾಣುತ್ತಿರಲಿಲ್ಲ. ದಂಡೆಯ ಮೇಲೆ ಒಂದು ದೀಪವಿಲ್ಲ, ಟಾರ್ಚಿನ ಬೆಳಕು ಮಳೆಯನ್ನು ದಾಟುವುದಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬಗಳಿವೆ. ದಿಕ್ಕು ತಪ್ಪಿ ಅದರ ಮೇಲೆ ಬಂದರೆ ಅಲೆ ದೋಣಿಯನ್ನು ಮಗುಚುತ್ತದೆ. ದಂಡೆ ಯಾವ ಕಡೆ ಎಂದು ಗೊತ್ತಾದರೆ ಉಳಿದದ್ದು ಗಂಡನಿಗೆ ಗೊತ್ತು ಎಂದಳು. ಅಷ್ಟನ್ನೂ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಲೇ ಹೇಳಿದಳು. ಅಳಲಿಲ್ಲ.

ಹಿಂದಿನಿಂದ ಯಾರೋ ಕಾರ್ಯಕ್ರಮ ಮುಗಿಯಿತಾ ಎಂದು ಕೇಳಿದರು. ಅವರಿಗೆ ಸಬೀಹಾ ಸ್ಪೀಕರಿನ ಇನ್ನೊಂದು ತುದಿ ಹಿಡಿಯಲು ಹೇಳಿದಳು. ಕವಿತೆ ಓದಿದವರು, ಕುಣಿದವರು, ನೋಡಲು ಬಂದವರು ಎಲ್ಲ ಸೇರಿ ಎರಡು ಸ್ಪೀಕರ್ ಹೊತ್ತರು. ಇದ್ದಬದ್ದ ವೈರನ್ನೆಲ್ಲ ಜೋಡಿಸಿದರೂ ಅದು ತೋಪಿನ ಆಚೆ ಮರಳು ಶುರುವಾಗುವಲ್ಲಿಗೇ ಮುಗಿಯಿತು. ಚಿತ್ರ ಬರೆಯುವ ಪ್ಲಾಸ್ಟಿಕ್ ಹಾಳೆಯನ್ನು ಸ್ಪೀಕರಿಗೆ ಹೊದೆಸಿದೆವು. ನನ್ನ ಲ್ಯಾಪ್‌ಟಾಪಿಗೆ ಸಬೀಹಾ ಕೊಡೆ ಹಿಡಿದಳು.

ನುಡಿಸುವುದು ಏನನ್ನು? ಡುಮ್ ಡುಮ್ ಎನ್ನುವ ದಪ್ಪ ಸದ್ದು ದೂರ ಹೋಗುತ್ತದೆ, ಆದರೆ ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದಿಲ್ಲ. ಎರಡು ಮರದ ತುಂಡುಗಳನ್ನು ಬಡಿದು ನಾನೇ ರೆಕಾರ್ಡ್ ಮಾಡಿದ ಒಂದು ಸದ್ದು ನನ್ನಲ್ಲಿತ್ತು. ಅದನ್ನೇ ಹಾಕಿದೆ. ಟಕ್, ಟಕ್, ಟಕ್. ಅಲ್ಲಿ ಸೇರಿದ್ದ ಊರಿನ ಅಜ್ಜ ಒಬ್ಬರು, "ಇಷ್ಟ್ ದೊಡ್ಡ ಪೆಟ್ಟಿಗೆ ಹೊತ್ಕಂಡು ಬಂದದ್ದು ಇದಕ್ಕಾ? ಕೇಳಿದ್ರೆ ನಂ ಮನೆ ಒನಕೆ ಕೊಡ್ತಿದ್ದೆ" ಎಂದರು.

ದೇವಕಿ ನನ್ನ ಕೈ ಹಿಡಿದಳು. "ನಡು ನಡು ಸುಮ್ನಿರು ಮಾರಾಯ್ತಿ. ಅವ್ರು ಕೂಗಿದ್ರೆ ನಮ್ಗೆ ಕೇಳೂದು ಬ್ಯಾಡ್ವಾ?"

ಹಾಗೆ ಐದಾರು ಸಲ ಬಡಿಯುವುದು, ನಿಲ್ಲಿಸುವುದು, ಮತ್ತೆ ಬಡಿಯುವುದು. ಬಡಿಯುವುದು ಸುಲಭವಿತ್ತು. ನಿಲ್ಲಿಸಿದಾಗ ನನ್ನ ಬೆರಳು ತಾನಾಗಿ ಗುಂಡಿಯ ಮೇಲೆ ಹೋಗುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡೆ. ಐವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರೂ ಮಳೆ, ಅಲೆ, ಜನರೇಟರು ಬಿಟ್ಟರೆ ಬೇರೇನೂ ಇಲ್ಲ. ಸಬೀಹಾ ಕೊಡೆಯನ್ನು ಬೇರೊಬ್ಬರ ಕೈಗೆ ಕೊಟ್ಟು ಹೋಗಿ, ಸದ್ದು ತಗ್ಗಲೆಂದು ಜನರೇಟರಿನ ಸುತ್ತ ಹಲಗೆ ಅಡ್ಡ ಇಟ್ಟು ಬಂದಳು. ಎಷ್ಟು ಹೊತ್ತಾಯಿತೋ ನಾನು ನೋಡಲಿಲ್ಲ. ನಾನು ಮಾಡುತ್ತಿರುವುದು ಪ್ರಯೋಜನವಿಲ್ಲದ ಕೆಲಸ, ಆದರೆ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ ಎಂದು ನನಗೆ ಅನ್ನಿಸತೊಡಗಿತ್ತು.

ಒಂದು ಬಿಡುವಿನಲ್ಲಿ ದೇವಕಿ ಕೈ ಎತ್ತಿದಳು. ನಮಗೆ ಏನೂ ಕೇಳಿಸಿರಲಿಲ್ಲ. ಇನ್ನೊಮ್ಮೆ ಬಡಿದೆ, ನಿಲ್ಲಿಸಿದೆ. ಈ ಸಲ ನನಗೂ ಕೇಳಿಸಿತು, ಬಹಳ ಸಣ್ಣಗೆ, ಗಂಡಸಿನ ದನಿ. ಊರಿನವರು ಹಗ್ಗ ಹಿಡಿದು ನೀರಿಗೆ ಇಳಿದರು.

ದೋಣಿಯನ್ನು ಎಳೆದು ತಂದ ಮೇಲೆ ದೇವಕಿ ಮೊದಲು ಮಾಡಿದ್ದು ಫೋನ್ ಚಾರ್ಜ್ ಮಾಡದೆ ಹೋದದ್ದಕ್ಕೆ ಗಂಡನನ್ನು ಬೈದದ್ದು. ತಮ್ಮನಿಗೂ ಪಾಲು ಸಿಕ್ಕಿತು. ಗಂಡ ಚಳಿಗೆ ನಡುಗುತ್ತಿದ್ದ. ನಮ್ಮ ಹಾಡು ಕೇಳಿಸಿತಾ ಎಂದು ಸಬೀಹಾ ಅವನನ್ನು ಕೇಳಿದಳು.

"ಹಾಡಾ? ಹಾಡು ಎಂತದೂ ಇಲ್ಲ. ಯಾರೋ ಕಟ್ಟಿಗೆ ಒಡೀತಿದ್ರು. ಈ ಮಳೇಲಿ ಕಟ್ಟಿಗೆ ಒಡೆಯೂ ಮಳ್ಳ ಯಾರಪ್ಪ ಅಂತ ಅದೇ ಬದಿಗೆ ಹುಟ್ಟು ಹಾಕ್ದೆ."

ದೇವಕಿ ನಗತೊಡಗಿದಳು. ನಗುತ್ತಲೇ ಒದ್ದೆ ಮರಳಿನ ಮೇಲೆ ಕುಳಿತಳು, ಆಮೇಲೆ ಅದು ಅಳುವಾಯಿತು. ಆ ಮಳ್ಳ ನಾನೇ ಎಂದು ನಾನು ಹೇಳಲಿಲ್ಲ. ಲ್ಯಾಪ್‌ಟಾಪ್ ಒರೆಸಿ ಚೀಲಕ್ಕೆ ಹಾಕಿದೆ.

ಈಗಲೂ ಎಲ್ಲಾದರೂ ನುಡಿಸುವಾಗ, ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಆ ಬಿಡುವು ನೆನಪಾಗುತ್ತದೆ. ಆಗ ದನಿ ಬಂತು, ನಿಜ. ಆದರೆ ಅದು ಬರುವ ಮೊದಲಿನ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ.

ಆ ರಾತ್ರಿ ಐಸ್ ಫ್ಯಾಕ್ಟರಿಯಲ್ಲೇ ಚಾಪೆ ಹಾಸಿಕೊಂಡೆವು. ನಿದ್ರೆ ಬರಲಿಲ್ಲ. ಬೆಳಗಾಗುತ್ತಲೇ ಭಟ್ಕಳದ ಬಸ್ಸಿಗೆಂದು ಹೊರಟವಳು ದಂಡೆಯ ಕಡೆ ತಿರುಗಿದೆ. ದೇವಕಿಯ ಗಂಡ ಎಂಜಿನ್ ಬಿಚ್ಚಿ ಕುಳಿತಿದ್ದ. ನನ್ನ ಗುರುತು ಅವನಿಗೆ ಸಿಗಲಿಲ್ಲ. "ಈ ದೋಣಿ ಹಗ್ಗ ಒಂಚೂರು ಹಿಡ್ಕಣಿ" ಎಂದ. ಹಿಡಿದುಕೊಂಡೆ. ಎಂಜಿನ್ ಮತ್ತೆ ಜೋಡಿಸಿ ಅದರ ದಾರವನ್ನು ಅವನು ನಾಲ್ಕೈದು ಸಲ ಎಳೆದ ಮೇಲೆ ಅದು ಹತ್ತಿಕೊಂಡಿತು. ಸರಿಯಾಯಿತೋ ಇಲ್ಲವೋ ನೋಡಿ ಬರುತ್ತೇನೆಂದು ದೋಣಿಯನ್ನು ಅಳಿವೆಯ ಕಡೆ ತಿರುಗಿಸಿದ. ಸದ್ದು ಸಣ್ಣದಾಗುತ್ತ ಹೋಗಿ, ಕೊನೆಗೆ ಕೇಳಿಸದಾಯಿತು. ಹೆದ್ದಾರಿಯಲ್ಲಿ ನನ್ನ ಬಸ್ಸಿನ ಹೊತ್ತು ದಾಟಿತ್ತು. ಎಂಜಿನ್ ಸದ್ದು ತಿರುಗಿ ಬರುವವರೆಗೆ ನಾನು ಅಲ್ಲೇ ನಿಂತಿದ್ದೆ.