ಖಾಲಿ ಸುತ್ತಿನ ಪರವಾಗಿ

ತೆಲುಗು ಬಾರದ ನನಗೆ ಪಾವಗಡದಲ್ಲಿ ಪಾಠ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಆ ದಿನ ಇನ್‌ಸ್ಪೆಕ್ಟರರು ತರಗತಿಯಲ್ಲಿ ಕೂತಿದ್ದರು. ನಾನು ಎಕ್ಸ್‌ನ ವರ್ಗದಲ್ಲಿ ನಾಲ್ಕು ಕಳೆದು, ಎಕ್ಸ್ ಮೈನಸ್ ಎರಡರಿಂದ ಭಾಗಿಸಿ, ಬೋರ್ಡಿನ ಮೇಲೆ ನಕ್ಷೆ ಬರೆದೆ. ನೆಟ್ಟನೆ ಗೆರೆ, ಎಕ್ಸ್ ಎರಡಾದ ಕಡೆ ಮಾತ್ರ ಪುಟ್ಟ ಖಾಲಿ ಸುತ್ತು.

"ಗೆರೆ ಪೂರ್ತಿ ಮಾಡ್ರೀ ಮೇಷ್ಟ್ರೇ," ಎಂದು ಇನ್‌ಸ್ಪೆಕ್ಟರರೇ ಎದ್ದುಬಂದು ಸುತ್ತನ್ನು ತುಂಬಿಬಿಟ್ಟರು. ನನ್ನ ಕೆಲಸ ಕಾಯಂ ಮಾಡಬೇಕಾದವರು ಅವರು. ನಾನು ಸೀಮೆಸುಣ್ಣ ಕೆಳಗಿಟ್ಟೆ.

ಯಾವತ್ತೂ ತುಟಿ ಬಿಚ್ಚದ ಲಕ್ಷ್ಮಕ್ಕ ಎಂಬ ಹುಡುಗಿ ಎದ್ದು ನಿಂತಳು. "ಅಲ್ಲಿ ಚುಕ್ಕೆ ಇಲ್ಲ ಸಾ. ಎರಡು ಹಾಕಿದ್ರೆ ಕೆಳಗೆ ಸೊನ್ನೆ ಆಗ್ತೈತೆ, ಭಾಗ್ಸಕ್ಕಾಗಲ್ಲ. ಅಳಿಸ್ಬುಡಿ."

ಅವರು ಅಳಿಸಿದರು.

ಈ ಊರಲ್ಲೂ ನನ್ನ ಪರ ಒಬ್ಬರು ನಿಂತರಲ್ಲ ಎಂದು ರೂಮು ಸೇರುವವರೆಗೂ ಹಿಗ್ಗಿದೆ. ಒಬ್ಬನ ಅನ್ನಕ್ಕೆ ಎಸರಿಡುವಾಗ ಹೊಳೆಯಿತು: ಅವಳು ನಿಂತದ್ದು ಇಲ್ಲದ ಚುಕ್ಕೆಗಾಗಿ, ನಾನು ಅದರ ಪಕ್ಕದಲ್ಲಿದ್ದೆ, ಅಷ್ಟೆ.