ಸವಣೂರಿನ ಹಾಡು ಪ್ಲೇಟಿಗೆ ಹೋದದ್ದು

ನಮ್ಮ ಕಡೆಯ ಊರುಗಳು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಶಿಗ್ಗಾಂವದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಅಪ್ಪ ತೀರಿಕೊಂಡಿದ್ದರು. ನನ್ನ ಜೊತೆಗೆ ಬಂದದ್ದು ಅವ್ವ ಮತ್ತು ಅಪ್ಪನ ಹಾರ್ಮೋನಿಯಂ. ನಮ್ಮಲ್ಲಿ ಅದಕ್ಕೆ ಪೇಟಿ ಅಂತಲೇ ಹೆಸರು. ಸಂಜೆ ಶಾಲೆಯಿಂದ ಬಂದು ಚಹಾ ಕುಡಿದು ನಾನು ಪೇಟಿ ತೆಗೆದರೆ, ಎದುರಿನ ದಲಾಲಿ ಅಂಗಡಿಯ ಸಾಹುಕಾರರು ಜೋಳದ ಚೀಲಕ್ಕೆ ಆನಿಕೊಂಡು ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆಮೇಲೆ ತಿಳಿಯಿತು, ಅವರಿಗೆ ತಬಲಾದ ಹುಚ್ಚು. ಅಂಗಡಿಯ ಒಳಕೋಣೆಯಲ್ಲಿ, ಕಡಲೆಯ ಚೀಲಗಳ ನಡುವೆ, ತಬಲಾ ಜೋಡಿಗೆ ಒಂದು ಗಾದಿ ಹಾಸಿ ಇಟ್ಟಿದ್ದರು.

ಒಂದು ದಿನ ರಸ್ತೆ ದಾಟಿ ಬಂದು ಅವರೇ ಹೇಳಿದರು: "ಅಕ್ಕೋರ, ನಿಮ್ಮ ಕೈ ಚಲೋ ಐತ್ರಿ. ಖರೆ ನೀವು ಸವಣೂರಿನ ಖಾಲಾನ ಹಾಡು ಕೇಳಿಲ್ಲ. ಅದನ್ನ ಕೇಳಲಾರದ ಪೇಟಿ ಬಾರಿಸೂದು ಅಂದ್ರ, ಉಪ್ಪು ಹಾಕಲಾರದ ಅಡಿಗಿ ಮಾಡಿದಂಗ."

ಖಾಲಾ ಅಂದರೆ ಚಿಕ್ಕವ್ವ. ಸವಣೂರಿನಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಖಾಲಾನೇ. ಅವರ ತಾಯಿ ನವಾಬರ ಅರಮನೆಯಲ್ಲಿ ಹಾಡುತ್ತಿದ್ದವರು. ಅರಮನೆಯ ಮೆಹಫಿಲು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ತಾಯಿ ಕಲಿಸಿದ ಹಳೆಯ ಚೀಜುಗಳು, ಅಂದರೆ ಹಾಡುಗಳು, ಮಗಳ ಗಂಟಲಲ್ಲಿ ಮತ್ತು ಅವರ ತಮ್ಮನ ಸಾರಂಗಿಯಲ್ಲಿ ಮಾತ್ರ ಉಳಿದಿದ್ದವು. ಹೊಟ್ಟೆಗೆ ಅಕ್ಕ ತಮ್ಮ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದರು.

"ದರಬಾರದಾಗ ಹಾಡಿದಾವರ ಮನಿಗೆ ಹೊಂಟೀಯಲ್ಲ, ನಾಳೆ ಶಾಲಿಯಾಗ ಮಂದಿ ಏನಂತಾರ?" ಎಂದು ಅವ್ವ ಅಡ್ಡ ಬಂದಳು. ನಾನು ಹೋಗಿಯೇ ಹೋಗುತ್ತೇನೆ ಅಂದಾಗ, "ಹಂಗಾದ್ರ ನಾನೂ ಬರ್ತೇನಿ" ಎಂದು ಸೆರಗು ಬಿಗಿದಳು. ಕಾವಲಿಗೆ ಬಂದದ್ದು. ಆದಿತ್ಯವಾರ ಸಾಹುಕಾರರೂ ನಾವೂ ಬಸ್ಸಿನಲ್ಲಿ ಸವಣೂರಿಗೆ ಹೋದೆವು. ಪೇಟಿ ನನ್ನ ತೊಡೆಯ ಮೇಲಿತ್ತು.

ಖಾಲಾ ಒದ್ದೆ ಗೋಣಿತಾಟಿನ ಮೇಲೆ ಎಲೆ ಹರವಿಕೊಂಡು, ಹಣ್ಣೆಲೆ ಬೇರೆ, ಹಸಿರೆಲೆ ಬೇರೆ ಮಾಡುತ್ತ ಕೂತಿದ್ದರು. ತೆಳ್ಳಗಿನ ಮೈ, ದೊಡ್ಡ ಮೂಗುತಿ. ಪೇಟಿ ನೋಡಿದ ಕೂಡಲೇ ಅವರ ಮುಖ ಗಂಟಿಕ್ಕಿತು.

"ಇದನ್ನ ಯಾಕ ತಂದಿ ಬೇಟಿ? ಇದು ಮೆಟ್ಟಲಾ ಹತ್ತಿದಂಗ ಹತ್ತತೈತಿ, ಇಳಿದಂಗ ಇಳೀತೈತಿ. ನಮ್ಮ ಹಾಡು ಜಾರಬೇಕು."

"ಮೆಲ್ಲಕ ಬಾರಿಸ್ತೇನ್ರಿ," ಅಂದೆ.

"ಎಷ್ಟು ಮೆಲ್ಲಕ?"

"ಪೇಟಿ ಐತೋ ಇಲ್ಲೋ ಅನ್ನೂವಷ್ಟು ಮೆಲ್ಲಕ."

ಖಾಲಾ ನಕ್ಕುಬಿಟ್ಟರು. ತಮ್ಮನನ್ನು ಕರೆದರು. ಆತ ಮಾತು ಕಡಿಮೆಯ ಮನುಷ್ಯ. ಬಂದು ಸಲಾಮು ಹೇಳಿ ಸಾರಂಗಿಯ ಕಿವಿ ಹಿಂಡುತ್ತ ಕೂತ. ಖಾಲಾ ಕೈ ತೊಳೆದು ಬಂದು ಕಣ್ಣು ಮುಚ್ಚಿದರು. ಮೊದಲ ಸ್ವರ ಇಟ್ಟಾಗ ಆ ಮನೆ ದೊಡ್ಡದಾದ ಹಾಗೆ ಅನ್ನಿಸಿತು. ಅಪ್ಪ ನನಗೆ ಕಲಿಸಿದ್ದ ರಾಗವೇ ಅದು, ಆದರೆ ಅಪ್ಪ ನಡೆಯದ ದಾರಿಗಳಲ್ಲಿ ನಡೆಯುತ್ತಿತ್ತು. ನಾನು ಬೆರಳು ಪೇಟಿಯ ಮನೆಗಳ ಮೇಲೆ ಇಟ್ಟವಳು ಒತ್ತುವುದನ್ನೇ ಮರೆತೆ. ಅವ್ವನ ಕಡೆ ನೋಡಿದರೆ, ಕಾವಲಿಗೆ ಬಂದಾಕೆ ಗೋಡೆಗೆ ಒರಗಿ, ಬಾಯಲ್ಲಿ ಖಾಲಾ ಕೊಟ್ಟ ಎಲೆ ಇಟ್ಟುಕೊಂಡು, ಅಗಿಯದೆ ಕೂತಿದ್ದಳು. ಬಸ್ಸಿನಲ್ಲಿ ಮರಳುವಾಗ, "ಮುಂದಿನ ವಾರ ಆಕೀಗೆ ಎರಡು ಜ್ವಾಳದ ರೊಟ್ಟಿ ಕಟ್ಟಿಕೊಂಡು ಹೋಗೂಣು. ಎಷ್ಟು ಬಡಕ ಆಗ್ಯಾಳ," ಅಂದಳು.

ಹೀಗೆ ನಮ್ಮ ಮೇಳ ಕೂಡಿತು. ಪ್ರತಿ ಆದಿತ್ಯವಾರ ಸವಣೂರು. ಖಾಲಾನ ಹಾಡು, ತಮ್ಮನ ಸಾರಂಗಿ, ಸಾಹುಕಾರರ ತಬಲಾ, ನನ್ನ ಪೇಟಿ. ಸಾಹುಕಾರರಿಗೆ ಒಂದು ಚಟವಿತ್ತು: ಹಾಡು ಚೆಂದ ಬಂದರೆ ಬಾಯಿ ತಡೆಯದೆ "ವಾಹ್ವಾ" ಅನ್ನುವುದು. ತಾವೇ ತಬಲಾ ಬಾರಿಸುತ್ತಿದ್ದರೂ ಸರಿಯೇ. ಖಾಲಾ ಕಣ್ಣು ಬಿಡುತ್ತಿದ್ದರು. ಸಾಹುಕಾರರು "ತಪ್ಪಾತ್ರಿ" ಅನ್ನುತ್ತಿದ್ದರು. ಮತ್ತೆ ಅದೇ.

ಗ್ರಾಮಾಫೋನಿನ ಪ್ಲೇಟಿನ ವಿಚಾರ ತಂದವರೂ ಸಾಹುಕಾರರೇ. ಶಿಗ್ಗಾಂವದ ಹೆದ್ದಾರಿಯ ಹೋಟೆಲಿನಲ್ಲಿ ಗ್ರಾಮಾಫೋನು ಇತ್ತು. ಬಸ್ಸು ನಿಂತಾಗೆಲ್ಲ ಸಿನೆಮಾದ ಹಾಡು ಹಾಕುತ್ತಿದ್ದರು. ಆ ಯಂತ್ರದಲ್ಲಿ ಖಾಲಾನ ಹಾಡು ಯಾಕೆ ಬರಬಾರದು ಎಂದು ಸಾಹುಕಾರರು ಹುಬ್ಬಳ್ಳಿಗೆ ಹೋಗಿ, ಪ್ಲೇಟು ಮಾರುವ ಅಂಗಡಿಯಲ್ಲಿ ವಿಚಾರಿಸಿದರು. ಮುಂಬೈಯ ಕಂಪನಿಯೊಂದು ಧ್ವನಿ ಹಿಡಿದು ಪ್ಲೇಟು ಮಾಡಿಕೊಡುತ್ತದೆ, ಆದರೆ ಅದರಲ್ಲಿ ಇಷ್ಟು ನೂರು ಪ್ಲೇಟು ನಾವೇ ಕೊಳ್ಳುತ್ತೇವೆ ಎಂದು ಮುಂಗಡ ಕಟ್ಟಬೇಕು ಎಂಬುದು ತಿಳಿಯಿತು. ಮೊತ್ತ ಕೇಳಿ ನಾನು ಕೈಬಿಟ್ಟೆ. ಖಾಲಾ ಬಿಡಲಿಲ್ಲ. ಅವರ ಚಿಂತೆಯೇ ಬೇರೆ ಇತ್ತು.

"ಮುಂಬೈಗೆ ಯಾವ ಸೀರಿ ಉಟ್ಟುಕೊಂಡು ಹೋಗ್ಲಿ?"

"ಪ್ಲೇಟಿನ್ಯಾಗ ಸೀರಿ ಕಾಣೂದಿಲ್ರಿ ಖಾಲಾ."

"ನನಗ ಕಾಣತೈತಲ್ಲ."

ಹಣ ಕೂಡಿಸಲು ನಾಲ್ಕು ತಾಲೂಕಿನ ಊರುಗಳಲ್ಲಿ ಹಾಡುವುದು ಎಂದಾಯಿತು. ಸವಣೂರಿನವರು ಖಾಲಾನ ಹಾಡನ್ನು ಗೋಡೆಯಾಚೆಯಿಂದ ಪುಕ್ಕಟೆ ಕೇಳಿ ಬೆಳೆದವರು. ಆದರೂ ಎಲೆ ತೋಟದವರು ಮುಂದೆ ನಿಂತು ಕೈಬಿಚ್ಚಿ ಕೊಟ್ಟರು. ಶಿಗ್ಗಾಂವದಲ್ಲಿ ದಲಾಲಿ ಪೇಟೆಯವರು ಸಾಹುಕಾರರ ದಾಕ್ಷಿಣ್ಯಕ್ಕೆ ಬಂದು, ಹಾಡಿನ ನಡುವೆ ಜೋಳದ ದರ ಮಾತಾಡಿದರು.

ಹಾನಗಲ್ಲಿನಲ್ಲಿ ನಿಜವಾದ ಪರೀಕ್ಷೆ. ಜನ ತುಂಬಾ ಬಂದಿದ್ದರು, ಆದರೆ ಅವರು ನಾಟಕ ಕಂಪನಿಯ ಹಾಡು ಕೇಳಲು ಬಂದವರು. ಖಾಲಾ ಆಲಾಪ ಸುರು ಮಾಡಿ ಸ್ವಲ್ಪ ಹೊತ್ತಿಗೆಲ್ಲ ಹಿಂದಿನಿಂದ ಒಬ್ಬ ಕೂಗಿದ: "ಯವ್ವಾ, ಆ ಆ ಅನ್ನೂದು ಸಾಕು, ಹಾಡು ಸುರು ಮಾಡ." ಜನ ನಕ್ಕರು. ಖಾಲಾ ನಿಲ್ಲಿಸಿದರು, ಎಲೆಯ ಪೆಟ್ಟಿಗೆ ತೆರೆದು ನಿಧಾನಕ್ಕೆ ಒಂದು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬೇಟಿ, ಜೋರಾಗಿ ಬಾರಿಸು," ಅಂದರು. ಆಗಿನ ದಿನ ಎಲ್ಲರ ಬಾಯಲ್ಲಿದ್ದ ಒಂದು ನಾಟಕದ ಹಾಡನ್ನು ಕೈ ತಿರುವುತ್ತ, ಹುಬ್ಬು ಹಾರಿಸುತ್ತ ಹಾಡಿದರು. ನಾನು ಎಂದೂ ಅವರೆದುರು ಅಷ್ಟು ಜೋರಾಗಿ ಪೇಟಿ ಬಾರಿಸಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಅದು ಅಡಗಿದ ಮೇಲೆ ಅವರು ಕೂಗಿದ ಆ ಮನುಷ್ಯನನ್ನೇ ನೋಡಿ ಹೇಳಿದರು: "ನಿನ್ನ ಹಾಡು ನಾ ಹಾಡಿದೆನಪಾ. ಈಗ ನನ್ನ ಹಾಡು ನೀ ಕೇಳು." ಆತ ಮುಂದೆ ಬಂದು ಚಾಪೆಯ ಮೇಲೆ ಕೂತ. ಕಡೆಯ ತನಕ ಏಳಲಿಲ್ಲ.

ಹಿರೇಕೆರೂರಿನಲ್ಲಿ ಸಂತೆಯ ದಿನ ಮಧ್ಯಾಹ್ನ, ಹತ್ತಿ ಬಿಡಿಸುವ ಜಿನ್ನಿನ ಆವರಣದಲ್ಲಿ ಕಾರ್ಯಕ್ರಮ. ಜಿನ್ನಿನ ಮಾಲೀಕರು ಯಂತ್ರ ನಿಲ್ಲಿಸಿ ಜಾಗ ಕೊಟ್ಟರು. ಚಿಕ್ಕೇರೂರು ಕಡೆಯಿಂದ ಚಕ್ಕಡಿಗಳಲ್ಲಿ ಬಂದ ಹೆಣ್ಣುಮಕ್ಕಳು ಸಂತೆ ಮುಗಿಸಿ, ಬುಟ್ಟಿ ಮಗ್ಗುಲಲ್ಲಿಟ್ಟುಕೊಂಡು, ಹತ್ತಿಯ ರಾಶಿಗೆ ಬೆನ್ನು ಕೊಟ್ಟು ಕೂತರು. ಅವ್ವ ಆವರಣದ ಬಾಗಿಲಲ್ಲಿ ಒಲೆ ಹೂಡಿದ್ದಳು. ಮಂದಿ ಏನಂತಾರ ಎಂದು ಅಂಜಿದವಳು ಸೆರಗು ಸಿಕ್ಕಿಸಿ, ಬಾಣಲೆಯಲ್ಲಿ ಮೆಣಸಿನಕಾಯಿ ಭಜಿ ಬಿಡುತ್ತ, "ಹಾಡಿನ ಭಜಿ ತೊಗೊಳ್ರಿ, ಮುಂಬೈಗೆ ಹೋಗೂ ಭಜಿ," ಎಂದು ಕರೆಯುತ್ತಿದ್ದಳು. ಹಾಡಿಗೆ ಬಂದ ದುಡ್ಡಿಗಿಂತ ಭಜಿಗೆ ಬಂದ ದುಡ್ಡೇ ಜಾಸ್ತಿಯಾಯಿತು ಎಂದು ಸಾಹುಕಾರರು ಆಮೇಲೆ ಹೇಳಿದರು. ಅವ್ವ ಅದನ್ನು ಸಾಯುವ ತನಕ ಎಲ್ಲರಿಗೂ ಹೇಳುತ್ತಿದ್ದಳು.

ದುಡ್ಡಿಲ್ಲದವರು ಮಡಿಲಲ್ಲಿದ್ದದ್ದು ಕೊಟ್ಟರು: ಒಣ ಮೆಣಸಿನಕಾಯಿ, ಅಲಸಂದಿ, ಒಂದು ಹಿಡಿ ಹತ್ತಿ. ಒಬ್ಬ ಮುದುಕಿ ಕೋಳಿಯನ್ನೇ ಸಾಹುಕಾರರ ಕೈಗಿಟ್ಟಳು. ಜೀವಮಾನದಲ್ಲಿ ಕೋಳಿ ಮುಟ್ಟದ ಲಿಂಗಾಯತರು ಅವರು. ಅದನ್ನು ಕೈಚಾಚಿ ದೂರ ಹಿಡಿದುಕೊಂಡು, ಯಾರಿಗೆ ಕೊಡುವುದು ತಿಳಿಯದೆ ನಿಂತರು. ಸಾರಂಗಿಯ ತಮ್ಮ ಮೊದಲ ಸಲ ಬಾಯಿಬಿಟ್ಟು ನಕ್ಕದ್ದನ್ನು ಅಂದು ನೋಡಿದೆ. ಹೋಗುವಾಗ ಆ ಮುದುಕಿ ಖಾಲಾನ ಕೈ ಹಿಡಿದು ಅಂದಳು: "ನನಗ ಏನೂ ತಿಳೀಲಿಲ್ಲ ಬಿಡ ತಂಗಿ. ಖರೆ ಎದ್ದು ಹೋಗಾಕ ಮನಸ್ಸಾಗಲಿಲ್ಲ."

ಮುಂಗಡ ಕಟ್ಟಿ ಆಯಿತು. ಆಗ ಕಂಪನಿಯವರು ತಿಳಿಸಿದರು, ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಸ್ವಲ್ಪ ಮೇಲೆ. ಖಾಲಾನಿಗೆ ಮೂರು ನಿಮಿಷದಲ್ಲಿ ಷಡ್ಜದಿಂದ ಏಳಲೂ ಆಗುತ್ತಿರಲಿಲ್ಲ. ಸಾಹುಕಾರರು ಕಿಸೆ ಗಡಿಯಾರ ಹಿಡಿದು ಕೂತರೆ ಖಾಲಾ ಅರ್ಧಕ್ಕೆ ನಿಲ್ಲಿಸಿ ಸಿಟ್ಟಾಗುತ್ತಿದ್ದರು. "ಉಣ್ಣಾಕ ಕುಂತಾವರನ್ನ ಒಂದ ತುತ್ತಿಗೆ ಎಬ್ಬಿಸಿದಂಗ ಆತು ಇದು. ನನಗ ಬ್ಯಾಡ ನಿಮ್ಮ ಪ್ಲೇಟು." ಎರಡು ವಾರ ಹಾಗೇ ಹೋಯಿತು. ಮೂರನೆಯ ವಾರ ಅವ್ವ ರೊಟ್ಟಿಯ ಗಂಟು ಬಿಚ್ಚುತ್ತ ಅಂದಳು: "ಮದವಿಗೆ ಬರಾಕ ಆಗಲಾರದಾವರಿಗೆ ಒಂದು ಹೋಳಿಗಿ ಕಟ್ಟಿ ಕಳಸೂದಿಲ್ಲೇನು? ಅದು ಊಟ ಅಲ್ಲ ಅಂತ ಅವರಿಗೂ ಗೊತ್ತಿರತೈತಿ. ಖರೆ ಕಳಸಲಿಲ್ಲಂದ್ರ ಬ್ಯಾಸರ ಮಾಡಿಕೊಂತಾರ."

ಖಾಲಾ ಅವ್ವನ ಮುಖ ನೋಡಿದರು. ತಮ್ಮನ ಕಡೆ ತಿರುಗಿ, "ಸ್ಥಾಯಿ ಒಂದು, ಅಂತರಾ ಒಂದು, ಕಡೀಗೆ ಒಂದ ತಾನು. ನೋಡೂಣು," ಅಂದರು. ಅಂದಿನಿಂದ ಹಾಡು ಸಣ್ಣದಾಗುತ್ತ ಬಂತು, ಬಡವಾಗಲಿಲ್ಲ.

ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ ಮುಂಬೈಗೆ ಹೋದೆವು. ಖಾಲಾ ಹಸಿರು ಸೀರೆ ಉಟ್ಟಿದ್ದರು, ಎಲೆ ತೋಟದವರು ಕೊಡಿಸಿದ್ದು. ಧ್ವನಿ ಹಿಡಿಯುವ ಕೋಣೆಯ ಗೋಡೆಗೆಲ್ಲ ಮೆತ್ತೆ. ಯಂತ್ರ ನೋಡಿಕೊಳ್ಳುವ ಮರಾಠಿ ಗೃಹಸ್ಥರೊಬ್ಬರು ನಮ್ಮನ್ನು ಒಬ್ಬೊಬ್ಬರನ್ನಾಗಿ ಬಾರಿಸಲು ಹೇಳಿ ಕೇಳಿದರು. ನನ್ನ ಪೇಟಿ ಕೇಳಿ, ನನ್ನನ್ನು ಕೋಣೆಯ ದೂರದ ಮೂಲೆಗೆ ಕಳಿಸಿದರು. ಖಾಲಾ ನನ್ನನ್ನು ನೋಡಿ ತುಟಿಯಂಚಿನಲ್ಲಿ ನಕ್ಕರು. ನನಗೂ ನಗು ಬಂತು.

ಕೆಂಪು ದೀಪ ಹತ್ತಿದಾಗ ಹಾಡಬೇಕು, ಹಾಡು ಮುಗಿದರೂ ಅದು ಆರುವ ತನಕ ಯಾರೂ ಉಸಿರೆತ್ತಬಾರದು. ಮೊದಲ ಸಲ ಖಾಲಾ ಅಂಜಿಕೆಯಲ್ಲಿ ಅವಸರ ಮಾಡಿದರು. ಎರಡನೆಯ ಸಲ ಸಾರಂಗಿಯ ತಂತಿ ಇಳಿಯಿತು. ಮೂರನೆಯ ಸಲ ಅವರು ದೀಪದ ಕಡೆ ನೋಡುವುದನ್ನೇ ಬಿಟ್ಟು, ಸವಣೂರಿನ ಮನೆಯಲ್ಲಿ ಕೂತ ಹಾಗೆ ಕಣ್ಣು ಮುಚ್ಚಿದರು. ಆ ಹಾಡನ್ನು ನಾನು ಎಷ್ಟೋ ಆದಿತ್ಯವಾರ ಕೇಳಿದ್ದೆ, ಹಾಗೆ ಕೇಳಿರಲಿಲ್ಲ. ಕಡೆಯ ತಾನು ಮೇಲಿನಿಂದ ಜಾರಿ ಬಂದು ತಾಳದ ಸಮಕ್ಕೆ ಕೂತಿತು. ದೀಪ ಇನ್ನೂ ಕೆಂಪಗಿತ್ತು. ಆಗ ಸಾಹುಕಾರರು, "ವಾಹ್ವಾ," ಅಂದರು.

ಅಂದವರೇ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ಬಂದುಬಿಟ್ಟಿತು. "ನನ್ನ ಕೈಲೇ ಹಾಳಾತ್ರಿ, ನಾ ಹುಬ್ಬಳ್ಳಿತನಕ ನಿಮ್ಮ ಮುಖ ನೋಡೂದಿಲ್ಲ," ಅನ್ನತೊಡಗಿದರು. ಗಾಜಿನಾಚೆ ಯಂತ್ರದ ಹತ್ತಿರ ಕೂತಿದ್ದ ಆ ಮರಾಠಿ ಗೃಹಸ್ಥರು ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆವು. ಅವರು ಖಾಲಾನಿಗೆ ಕೈಮುಗಿದು, ಇದಕ್ಕಿಂತ ಚೆಂದ ಇನ್ನೊಮ್ಮೆ ಬರುವುದಿಲ್ಲ, ಇದೇ ಇರಲಿ ಅಂದರು. ಆಮೇಲೆ ಸಾಹುಕಾರರ ಕಡೆ ತಿರುಗಿ, ನೀವು ಅನ್ನದಿದ್ದರೆ ನಾನೇ ಒಳಗಿನಿಂದ ಅನ್ನುತ್ತಿದ್ದೆ ಎಂದು ಮರಾಠಿಯಲ್ಲಿ ಹೇಳಿದರು.

ಪ್ಲೇಟುಗಳು ಬಂದದ್ದು ಮಳೆಗಾಲ ಮುಗಿದ ಮೇಲೆ, ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ. ಖಾಲಾ ಮತ್ತು ತಮ್ಮನನ್ನು ಶಿಗ್ಗಾಂವಕ್ಕೆ ಕರೆಸಿದೆವು. ಹೋಟೆಲಿನವರು ಸಿನೆಮಾದ ಹಾಡು ತೆಗೆದು ನಮ್ಮದನ್ನು ಹಾಕಿದರು. ನನ್ನ ಶಾಲೆಯ ಹುಡುಗಿಯರು ಬಾಗಿಲಲ್ಲಿ, ದಲಾಲಿ ಪೇಟೆಯವರು ಬೆಂಚುಗಳ ಮೇಲೆ. ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು. ಸೂಜಿ ಇಳಿದು ಕರಕರ ಅಂದು, ಸಾರಂಗಿ ಎದ್ದಿತು, ಹಿಂದೆಯೇ ಖಾಲಾ. ನನ್ನ ಪೇಟಿ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಕಡೆಗೆ ಆ "ವಾಹ್ವಾ" ಬಂದಾಗ ಹೋಟೆಲು ಹಾರಿಹೋಗುವಂತೆ ನಕ್ಕಿತು. ಸಾಹುಕಾರರು ಎದ್ದು ನಿಂತು ಎಲ್ಲರಿಗೂ ಕೈಮುಗಿದರು. ಹಾಡಿದ್ದು ತಾವೇ ಅನ್ನುವ ಹಾಗೆ.

ಖಾಲಾ ಮಾತ್ರ ನಗಲಿಲ್ಲ. ಪ್ಲೇಟು ಸುಮ್ಮನೆ ತಿರುಗುತ್ತಿತ್ತು. ಅವರು ಅದನ್ನೇ ನೋಡುತ್ತ, "ಈಗ ಇನ್ನ ಸುರು ಆಗೂದಿತ್ತು," ಅಂದರು. ಆಮೇಲೆ ಎಲೆಯನ್ನು ದವಡೆಗೆ ಸರಿಸಿಕೊಂಡು, ಪ್ಲೇಟು ನಿಂತ ಸ್ವರದಿಂದಲೇ ಎತ್ತಿಕೊಂಡು ಮುಂದೆ ಹಾಡತೊಡಗಿದರು. ಅವರ ತಮ್ಮ ಸಾರಂಗಿ ತಂದಿರಲಿಲ್ಲ, ಕಣ್ಣು ಮುಚ್ಚಿ ತಲೆದೂಗಿದ. ಸಾಹುಕಾರರು ಮೇಜನ್ನೇ ತಬಲಾ ಮಾಡಿಕೊಂಡರು. ನಾನು ಬರಿಗೈಯಲ್ಲಿ ಕೂತು, ಅವರ ಹಾಡು ಜಾರುವಲ್ಲೆಲ್ಲ ಜಾರುತ್ತ ಹೋದೆ. ಬಸ್ಸಿನ ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡು ಬಾಗಿಲಿಗೆ ಬಂದವನು, ಒಳಗೆ ನೋಡಿ ಸೀಟಿ ತೆಗೆದು ಕಿಸೆಗೆ ಹಾಕಿಕೊಂಡ. ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದು ಕಿಟಕಿಯ ಹತ್ತಿರ ಬಂದು ನಿಂತರು. ಅವ್ವ ಹೋಟೆಲಿನವರಿಗೆ ಸನ್ನೆ ಮಾಡಿ ಎಲ್ಲರಿಗೂ ಚಹಾ ಹಾಕಿಸಿದಳು.