ಹಾಸದೆ ಬಿಟ್ಟ ಎರಡನೆಯ ಕೌದಿ

ನೀಲಮ್ಮ, ನಿನ್ನ ಅತ್ತೆಯ ಮುಂದೆ ಅಂದು ನಾನು ಹೇಳಿದ್ದು ಸುಳ್ಳು. ಬಾಯಿ ತಪ್ಪಿ ಬಂದ ಮಾತಲ್ಲ, ಗೊತ್ತಿದ್ದೇ ಹೇಳಿದೆ. ನನ್ನ ಹೆಸರು ಉಳಿಯಲಿ ಅಂತ ನಿನ್ನ ಸಂಸಾರ ಮುರಿದೆ. ನಾಳೆ ನಿನ್ನ ತವರು ಐನಾಪುರಕ್ಕೆ ಬಂದು ನಿನ್ನ ಮುಂದೆ ಹೇಳಬೇಕಾದದ್ದನ್ನು ಇವತ್ತೇ ಬಾಯಿಗೆ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಸುತ್ತಿ ಬಳಸಿ ಶುರುಮಾಡಿದರೆ ಕೊನೆಗೆ ನಾನೇ ಅಯ್ಯೋ ಪಾಪ ಅನ್ನಿಸುವವಳಾಗಿ ಕಾಣಿಸಿಕೊಂಡೇನು. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಚಿತ್ತಾಪುರದ ಮಠದ ಹಿಂದಿನ ನನ್ನ ಅಂಗಳ ನಿನಗೆ ನೆನಪಿರಬೇಕು. ನೆಲಕ್ಕೆ ಹಾಸಿದ ಶಹಾಬಾದಿನ ಪರಸಿಕಲ್ಲು ಮುಂಜಾನೆ ತಣ್ಣಗಿರುತ್ತಿತ್ತು. ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನೀವೆಲ್ಲ ಬರುತ್ತಿದ್ದಿರಿ— ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬದ ಹೆಣ್ಣುಮಕ್ಕಳು. ಹಳೆ ಸೀರೆ ಹೊಲಿದ ಕೌದಿಯ ಮೇಲೆ ಮಲಗಿ ಗೋಡೆಗೆ ಕಾಲು ಚಾಚುವುದು, ಅಂಗಾಲು ಕೂಡಿಸಿ ಕುಳಿತು ಮೊಣಕಾಲು ಮೆಲ್ಲಗೆ ಇಳಿಬಿಡುವುದು, ಬೆಕ್ಕಿನ ಹಾಗೆ ಬೆನ್ನು ಎತ್ತುವುದು, ಆಮೇಲೆ ಕಣ್ಣು ಮುಚ್ಚಿ ಉದ್ದನೆಯ ಉಸಿರು. ಅಷ್ಟೇ. ಮೈಗೆ ನೋವಾಗುವಂಥದ್ದು ಯಾವುದನ್ನೂ ನಾನು ಮಾಡಿಸುತ್ತಿರಲಿಲ್ಲ. ಅತ್ತು ಅತ್ತು ಬಿಗಿದುಕೊಂಡಿದ್ದ ಮೈ ಸಡಿಲಾಗುತ್ತಿತ್ತು. ಯಾರಾದರೊಬ್ಬರು ಅಲ್ಲೇ ಗೊರಕೆ ಹೊಡೆದು ಉಳಿದವರನ್ನು ನಗಿಸುತ್ತಿದ್ದರು. ಅತ್ತೆಯಂದಿರ ಕಣ್ಣಿಲ್ಲದೆ ನಗಲು ನಿಮಗೆ ಇದ್ದ ಜಾಗ ಅದೊಂದೇ.

ಇದನ್ನೆಲ್ಲ ನನಗೆ ಕಲಿಸಿದವಳು ತೆಂಗಳಿಯ ನನ್ನ ಸೋದರತ್ತೆ. ಕಲಿಸುವಾಗ ಒಂದು ಮಾತು ಹೇಳಿದ್ದಳು. ಅದನ್ನು ನಿಮಗೆ ಯಾರಿಗೂ ನಾನು ಹೇಳಲಿಲ್ಲ.

"ಎರಡು ಕೌದಿ ಹಾಸು, ಗಂಡಗೂ ಕುಂದರಸು. ಒಂದಾ ಗಾಲಿಗಿ ಎಣ್ಣಿ ಹಾಕಿದ್ರ ಗಾಡಿ ನಡೀತದೇನ ಹುಚ್ಚಿ? ಮತ್ತ, ಕೂಸು ಆಗೇ ಆಗ್ತದಂತ ಯಾರಿಗೂ ಮಾತು ಕೊಡಬ್ಯಾಡ. ಮೈ ಹಗುರ ಆಗ್ತದ, ಮನಸ್ಸಿಗಿ ಸಮಾಧಾನ ಆಗ್ತದ ಅನ್ನು. ಮುಂದಿಂದು ಶಿವನ ಕೈಯಾಗ ಅದ."

ನಾನು ಮಾತು ಕೊಡಲಿಲ್ಲ, ನಿಜ. ಜನ ತಾವೇ ಆಸೆ ಕಟ್ಟಿಕೊಂಡರು, ನಾನು ಬಿಡಿಸಲಿಲ್ಲ. ಬಂದವರಲ್ಲಿ ಕೆಲವರಿಗೆ ಮಕ್ಕಳಾದವು. ಊರು ನನ್ನನ್ನು ತೊಟ್ಟಿಲವ್ವ ಅಂತ ಕರೆಯಿತು. ಗಂಡ ಸತ್ತ ಮೇಲೆ ಯಾವ ಮಂಗಳಕಾರ್ಯದಲ್ಲೂ ಮುತ್ತೈದೆಯರ ಸಾಲಿಗೆ ನನ್ನನ್ನು ಸೇರಿಸಿದವರಿರಲಿಲ್ಲ. ಈಗ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಕರೆ ನನಗೇ. ಅಯ್ಯೋ, ಎಷ್ಟು ಉಬ್ಬಿದೆ ನಾನು! ತೊಟ್ಟಿಲಿನ ಹಗ್ಗ ಮೊದಲು ಎಳೆಯುತ್ತಿದ್ದವಳು ನಾನೇ.

ಒಂದು ಮುಂಜಾನೆ, ಉಳಿದವರು ಕೌದಿ ಮಡಚುತ್ತಿದ್ದಾಗ, ನೀನು ನನ್ನ ಹತ್ತಿರ ಸರಿದು ಕೇಳಿದೆ.

"ಯವ್ವಾ, ಅವರಿಗಿ ಕರಕೊಂಡು ಬರ್ಲೇನ್ರಿ? ತಾವೇ ಬರ್ತೀನಿ ಅಂತಾರ. ಭಾಳ ದಿನದಿಂದ ನಿದ್ದಿ ಇಲ್ಲ ಅವರಿಗಿ. ಕಮ್ಮಿ ನನ್ನಾಗೂ ಇರಬೌದಲ್ಲ ನೀಲಾ, ಅಂತಾರ."

ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಿನ್ನ ಗಂಡ ಚನ್ನಪ್ಪ— ಎಂಥ ಗಂಡಸು ಅವನು! ಯಾವ ಮನೆಯ ಮಗನೂ ಆಡದ ಮಾತು ಅದು. ಸೋದರತ್ತೆ ಇದ್ದಿದ್ದರೆ ಎದ್ದು ಎರಡನೆಯ ಕೌದಿ ಹಾಸುತ್ತಿದ್ದಳು. ನಾನು ಯೋಚಿಸಿದ್ದೇ ಬೇರೆ. ಮಗನಲ್ಲೂ ಕಮ್ಮಿ ಇರಬಹುದೆಂದು ಹೇಳುವವಳ ಅಂಗಳಕ್ಕೆ ಯಾವ ಅತ್ತೆ ಸೊಸೆಯನ್ನು ಕಳಿಸುತ್ತಾಳೆ? ತೊಟ್ಟಿಲವ್ವ ಮತ್ತೆ ಮೂಲೆಗೆ—

"ಗಂಡಸರಿಗಿ ಇದು ಯಾಕಬೇ? ನೀ ನೆಟ್ಟಗ ಉಸುರು ತಗೊ, ಸಾಕು," ಅಂದು ನಕ್ಕುಬಿಟ್ಟೆ. ನನ್ನ ಮರ್ಯಾದೆಗೆ ನೀನೂ ನಕ್ಕೆ.

ಅದೇ ವರ್ಷ ಓಣಿಯ ಒಂದು ಮನೆಯಲ್ಲಿ ಕೂಸಿಗೆ ಹೆಸರಿಡುವ ದಿನ, ಹೆಂಗಸರೆಲ್ಲ ಕೂಡಿದ್ದಾಗ, ನಿನ್ನ ಅತ್ತೆ ನಿನ್ನೆದುರಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದಳು. "ತೊಟ್ಟಿಲವ್ವಾ, ನಮ್ಮಾಕಿದು ಯಾವಾಗರಿ? ನಿಮ್ಮ ಕಡಿಂದ ಆಗಲ್ಲಂದ್ರ ಹೇಳಿಬಿಡ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಗೊತ್ತಿಲ್ಲ ಅಂದರೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಮಾತು!

"ನನ್ನ ಕಡಿಂದ ಏನೂ ಕಮ್ಮಿಲ್ಲರಿ," ಅಂದೆ. "ಆಕಿ ಉಸುರಿನಾಗ ನಂಬಿಗಿ ಇಲ್ಲ. ಕಮ್ಮಿ ಆಕಿದೇ ಅದ."

ನೀನು ತಲೆ ಎತ್ತಿ ನನ್ನನ್ನು ನೋಡಿದೆ. ನನ್ನ ಅಂಗಳದಲ್ಲಿ ನಿನ್ನಷ್ಟು ನಂಬಿ ಕುಳಿತವಳು ಇನ್ನೊಬ್ಬಳಿರಲಿಲ್ಲ. ನಿನ್ನ ಅತ್ತೆಗೆ ಅಷ್ಟು ಸಾಕಾಯಿತು. ಹುಣ್ಣಿಮೆಯೊಳಗೆ ನಿನ್ನನ್ನು ನಿಜಾಮರ ರೈಲಿನಲ್ಲಿ ಸೇಡಮಿಗೂ ಅಲ್ಲಿಂದ ಗಾಡಿಯಲ್ಲಿ ತವರಿಗೂ ಸಾಗಹಾಕಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಒಡೆದದ್ದು ನಿನ್ನದು. ನಾನು ಮಾತ್ರ ತೊಟ್ಟಿಲು ತೂಗುತ್ತಲೇ ಇದ್ದೆ, ವರ್ಷಗಟ್ಟಲೆ.

ಚನ್ನಪ್ಪ ಎರಡನೆಯ ಮದುವೆಗೆ ಒಪ್ಪಲಿಲ್ಲ. ವಾಡಿಯಿಂದ ಬಂದ ಹೆಣ್ಣಿನವರನ್ನು ಅಂಗಡಿಯಿಂದಲೇ ಕೈಮುಗಿದು ಕಳಿಸಿದನಂತೆ. ಈ ಶ್ರಾವಣದಲ್ಲಿ ನನ್ನ ಬಾಗಿಲಿಗೆ ಬಂದ. "ನನಗೂ ಕಲಸ್ರಿ ಯವ್ವಾ. ಕೂಸಿಗಂತ ಅಲ್ಲ. ನಿದ್ದಿ ಬಂದ್ರ ಸಾಕಾಗ್ಯಾದ." ನನ್ನ ಮೇಲೆ ಸಿಟ್ಟಿಲ್ಲ, ಒಂದು ಚುಚ್ಚುಮಾತಿಲ್ಲ! ಬೈದಿದ್ದರೆ ನಾನೂ ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವನಿಗೆ ಕೌದಿ ಹಾಸಿಕೊಟ್ಟು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ನಿನ್ನೆ ಮತ್ತೊಂದು ತೊಟ್ಟಿಲು. ಅದೇ ಓಣಿ, ಅವೇ ಹೆಂಗಸರು, ಮೂಲೆಯಲ್ಲಿ ನಿನ್ನ ಅತ್ತೆ. ಹಗ್ಗ ಮುಟ್ಟಲು ಕರೆದರು. ನಾನು ಮುಟ್ಟಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ— ಸೋದರತ್ತೆಯ ಮಾತು, ನೀನು ಕೇಳಿದ್ದು, ನಾನು ನಕ್ಕದ್ದು. ಒಬ್ಬಾಕೆ ಥೂ ಅಂದಳು. ಸರಿಯಾಗಿಯೇ ಅಂದಳು.

ನಿನ್ನ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ, "ಕಮ್ಮಿ ನನ್ನಾಗೂ ಇರಬೌದಂತ ನನ್ನ ಮಗಾ ನನಗೂ ಹೇಳಿದ್ದ. ಬಾಯಿ ಮುಚ್ಚು ಅಂದಿದ್ದೆ," ಅಂದು ಎಲೆ ಅಡಿಕೆಯನ್ನೂ ತೆಗೆದುಕೊಳ್ಳದೆ ಎದ್ದುಹೋದಳು. ಇವತ್ತು ಮುಂಜಾನೆ ಚನ್ನಪ್ಪ ಬಂದು ನನ್ನ ಮುಖ ನೋಡದೆ ಹೇಳಿದ, "ನಾಳಿ ಐನಾಪುರಕ್ಕ ಹೊಂಟೀವ್ರಿ. ಅವ್ವನೂ ಬರ್ತೀನಿ ಅಂತಾಳ. ನೀವು ಬರ್ರಿ. ಆಕಿ ಮುಂದ ಹೇಳ್ರಿ."

ನನ್ನ ಅಂಗಳಕ್ಕೆ ಇವತ್ತು ಬಂದವರು ಕಡಿಮೆ. ಒಂದೇ ಒಂದು ಜೋಡಿ ಮಾತ್ರ ಹೊಸದಾಗಿ ಬಂದಿತ್ತು; ಗಂಡ ನಾಚಿಕೆಗೆ ಗೋಡೆಯ ಕಡೆ ಮುಖ ಮಾಡಿ ಕುಳಿತ, ಹೆಂಡತಿ ಮುಸಿಮುಸಿ ನಗುತ್ತಲೇ ಉಸಿರು ತೆಗೆದುಕೊಂಡಳು. ಕೂಸು ಆಗುತ್ತದೇನ್ರಿ ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಆದರೂ ಎದ್ದು ಹೋಗಲಿಲ್ಲ, ಪುಣ್ಯಾತ್ಮರು!

ನೀಲಮ್ಮ, ಹೊಸಿಲೊಳಗೆ ನನ್ನನ್ನು ಕರೆಯಬೇಕೆಂದಿಲ್ಲ. ಗಂಡನ ಜೊತೆ ಹೊರಡುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಹೊರಡು ಅನ್ನುವ ಬಾಯಿ ನನಗಿಲ್ಲ. ನಿಮ್ಮ ಓಣಿಯವರೆಲ್ಲ ಕೇಳುವ ಹಾಗೆ ಅಂಗಳದಲ್ಲಿ ನಿಂತು ಒಂದು ಮಾತು ಹೇಳುತ್ತೇನೆ. ಕಮ್ಮಿ ಯಾರಲ್ಲಿತ್ತು, ಇತ್ತೋ ಇಲ್ಲವೋ, ನನಗೆ ಎಂದೂ ಗೊತ್ತಿರಲಿಲ್ಲ. ನಿನ್ನದು ಅಂತ ಹೇಳಿದವಳು ನಾನು.